ಹತ್ತಿರದ ದಾರಿ ಯಾರಿಗೆ ಹತ್ತಿರ?

ಉತ್ತರ ಧ್ರುವದ ಮಂಜುಗಡ್ಡೆ ಕರಗಿ ಹಡಗುಗಳಿಗೆ ಹೊಸ ದಾರಿ ತೆರೆಯುತ್ತಿದೆ ಎಂಬ ಸುದ್ದಿ ಬಂದಾಗಲೆಲ್ಲ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಮಾತು: ‘ಚಲೋ ಆತು ಬಿಡೋ, ಮಾಲು ಲಗೂನ ಮುಟ್ಟತೈತಿ, ನಮಗೂ ನೌಕರಿ ಸಿಗತಾವು.’ ನನಗೆ ಹಾಗನ್ನಿಸುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಜಪಾನಿನ ಯೊಕೊಹಾಮಾದಿಂದ ನೆದರ್ಲೆಂಡ್ಸ್‌ನ ರೋಟರ್‌ಡ್ಯಾಮ್‌ಗೆ ಸೂಯೆಜ್ ಕಾಲುವೆ ಮೂಲಕ ಸುಮಾರು 20 ಸಾವಿರ ಕಿ.ಮೀ. ರಷ್ಯಾದ ಉತ್ತರ ಕರಾವಳಿಗುಂಟ ಹೋದರೆ ಸುಮಾರು 13 ಸಾವಿರ. ಅವರಿಗೆ ಲಾಭವೇ. ಆದರೆ ನಮ್ಮ ಉದ್ಯಮಬಾಗದ ಫೌಂಡ್ರಿಯ ಕಾಸ್ಟಿಂಗ್ ಯುರೋಪಿಗೆ ಹೋಗಬೇಕಾದರೆ? ಮುಂಬೈಯಿಂದ ಸೂಯೆಜ್ ದಾರಿಯೇ ಹತ್ತಿರ. ಉತ್ತರದ ದಾರಿ ಹಿಡಿಯಬೇಕೆಂದರೆ ಮೊದಲು ಸಿಂಗಪುರ, ಜಪಾನ್ ದಾಟಬೇಕು. ದೂರ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ.

ಲಾಭ ನಮ್ಮದಲ್ಲ, ಸರಿ. ನಷ್ಟ? ಬೆಳಗಾವಿಯಿಂದ ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹಾದು ಘಟ್ಟ ಇಳಿಯುವ ರೈಲು ಹಳಿ ವಾಸ್ಕೋ ಮುಟ್ಟುತ್ತದೆ. ಅಲ್ಲಿ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ಶುರುವಾದ ಭಾರತದ ‘ಹಿಮಾದ್ರಿ’ ನೆಲೆಯನ್ನು ನೋಡಿಕೊಳ್ಳುವುದೂ ಇದೇ. ಕಾರಾ ಸಮುದ್ರದಲ್ಲಿ ಬೇಸಿಗೆಯ ಮಂಜುಗಡ್ಡೆ ಕಡಿಮೆಯಾಗುವುದಕ್ಕೂ ಮಧ್ಯ ಭಾರತದಲ್ಲಿ ಸೆಪ್ಟೆಂಬರ್‌ನ ಅತಿವೃಷ್ಟಿಗೂ ನಂಟಿರಬಹುದು ಎಂದು ಇಲ್ಲಿನ ವಿಜ್ಞಾನಿಗಳು 2021ರಲ್ಲಿ ತೋರಿಸಿದರು. ಹೊಸ ಹಡಗು ದಾರಿ ಹಾದುಹೋಗುವುದೂ ಇದೇ ಕಾರಾ ಸಮುದ್ರದಲ್ಲಿ.

ಖಾನಾಪುರ ಮಧ್ಯ ಭಾರತದಲ್ಲಿಲ್ಲ, ನಿಜ. 2019ರ ಆಗಸ್ಟ್ ನೆರೆಗೆ ಇದೇ ಕಾರಣ ಎಂದೂ ನಾನು ಹೇಳುತ್ತಿಲ್ಲ. ಆದರೆ ಮಳೆ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಮಲಪ್ರಭೆ ಆಗ ನಮಗೆ ತೋರಿಸಿದ್ದಾಳೆ. ಭತ್ತ ತೆನೆ ಕಟ್ಟುವ ಸೆಪ್ಟೆಂಬರ್‌ನಲ್ಲಿ ಮಳೆ ಜಡಿದರೆ ರೈತನ ಗತಿಯೇನು?

ಇನ್ನು ನೌಕರಿ ಮಾತು. ಈ ಮಾರ್ಗದ ಬಗ್ಗೆ ಭಾರತ–ರಷ್ಯಾ ಕಾರ್ಯಕಾರಿ ಗುಂಪು 2024ರಲ್ಲಿ ಮೊದಲ ಸಭೆ ನಡೆಸಿತು. ನಮ್ಮ ನಾವಿಕರಿಗೆ ತರಬೇತಿ ಕೊಡುವ ಮಾತೂ ಆಗಿದೆ. ಒಂದಷ್ಟು ಕೆಲಸ ಸಿಗಬಹುದು. ಆದರೆ ಹಡಗಿನ ಹೊಗೆಯ ಮಸಿ ಮಂಜುಗಡ್ಡೆ ಮೇಲೆ ಕೂತರೆ ಅದು ಬಿಸಿಲು ಹೀರಿ ಇನ್ನೂ ಬೇಗ ಕರಗುತ್ತದೆ.

ಎಂಜಿನಿಯರ್‌ಗಳಿಗೆ ಬೇರೆ ಕೆಲಸವೂ ಇದೆ: ಹೊಗೆ ಕಡಿಮೆ ಉಗುಳುವ ಎಂಜಿನ್, ಮಳೆ ಮುನ್ಸೂಚನೆಯ ಸಾಫ್ಟ್‌ವೇರ್, ಧ್ರುವ ಸಂಶೋಧನೆಯ ಉಪಕರಣ. ಗೋವಾಕ್ಕೆ ಬೀಚ್ ನೋಡಲು ಹೋಗುವ ಗೆಳೆಯರೇ, ಮುಂದಿನ ಸಲ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವಾಗ ವಾಸ್ಕೋದ ಆ ಕೇಂದ್ರವನ್ನೂ ನೆನಪಿಸಿಕೊಳ್ಳಿ.