ಮರುಪರಿಶೀಲನೆಯ ಬಾಗಿಲು ಯಾರಿಗೆ ತೆರೆಯುತ್ತದೆ?

ಕೊಚ್ಚಿ ಬಳಿಯ ಮರಡುವಿನಲ್ಲಿ 2020ರ ಜನವರಿ 11 ಮತ್ತು 12ರಂದು ನಾಲ್ಕು ವಸತಿ ಸಮುಚ್ಚಯಗಳು ಕ್ಷಣಾರ್ಧದಲ್ಲಿ ಧೂಳಾದುದನ್ನು ನಾನು ಟೀವಿಯಲ್ಲಿ ನೋಡಿದ್ದೆ. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ಕಟ್ಟಿದ್ದ ಅವುಗಳನ್ನು ಕೆಡವಲು ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ಆದೇಶಿಸಿತ್ತು. ಅಲ್ಲಿ ಮನೆ ಕೊಂಡಿದ್ದವರು, ತೀರ್ಪಿಗೆ ಮುನ್ನ ತಮ್ಮ ಅಹವಾಲನ್ನು ಯಾರೂ ಕೇಳಲಿಲ್ಲವೆಂದು ಮರುಪರಿಶೀಲನಾ ಅರ್ಜಿ ಸಲ್ಲಿಸಿದರು. ಜುಲೈನಲ್ಲಿ ಅವು ವಜಾಗೊಂಡವು.

ಈಗ ಇನ್ನೊಂದು ಪ್ರಕರಣ. ಪರಿಸರ ಅನುಮತಿ ಪಡೆಯದೆ ಆರಂಭಿಸಿದ ಯೋಜನೆಗೆ ಆಮೇಲೆ ಅನುಮತಿ ನೀಡುವುದು ಕಾನೂನುಬಾಹಿರವೆಂದು ಅದೇ ನ್ಯಾಯಾಲಯ 2025ರ ಮೇ 16ರಂದು ‘ವನಶಕ್ತಿ’ ಪ್ರಕರಣದಲ್ಲಿ ಹೇಳಿತು. ಕಟ್ಟಡ ನಿರ್ಮಾಣ ಉದ್ಯಮದ ಸಂಘಟನೆ ಕ್ರೆಡಾಯ್ ಮರುಪರಿಶೀಲನೆ ಕೋರಿತು. ಬಹಿರಂಗ ವಿಚಾರಣೆ ನಡೆದು, ನವೆಂಬರ್ 18ರಂದು 2:1ರ ಬಹುಮತದಿಂದ ತೀರ್ಪು ಹಿಂದಕ್ಕೆ ಪಡೆಯಲಾಯಿತು. ಮೂಲ ತೀರ್ಪು ನೀಡಿದ ಪೀಠದಲ್ಲಿದ್ದ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಭಿನ್ನಮತದ ತೀರ್ಪು ಬರೆದರು.

ಕೊಟ್ಟ ತೀರ್ಪನ್ನು ಮತ್ತೆ ನೋಡಿರೆಂದು ಕೇಳುವುದು ನ್ಯಾಯಾಂಗಕ್ಕೆ ತೋರುವ ಅಗೌರವವಲ್ಲ. ಸಂವಿಧಾನದ 137ನೇ ವಿಧಿಯೇ ಸುಪ್ರೀಂ ಕೋರ್ಟಿಗೆ ಆ ಅಧಿಕಾರ ಕೊಟ್ಟಿದೆ. ಆದರೆ ಮರುಪರಿಶೀಲನೆಯೆಂದರೆ ಮೇಲ್ಮನವಿಯಲ್ಲ. ಮೇಲ್ನೋಟಕ್ಕೇ ಕಾಣುವ ದೋಷವಿರಬೇಕು, ಇಲ್ಲವೇ ಅಂಥದೇ ಬಲವಾದ ಕಾರಣವಿರಬೇಕು. ಸೋತವರಿಗೆಲ್ಲ ಮತ್ತೊಂದು ಅವಕಾಶ ಕೊಡುತ್ತ ಹೋದರೆ ವ್ಯಾಜ್ಯಕ್ಕೆ ಕೊನೆಯೇ ಇರದು.

ನವೆಂಬರ್ ತೀರ್ಪಿನ ಬಹುಮತ ಕೊಟ್ಟ ಕಾರಣಗಳಲ್ಲಿ ಒಂದನ್ನು ನಾನು ಒಪ್ಪುತ್ತೇನೆ. ಸಮಾನ ಬಲದ ಪೀಠಗಳು ಹಿಂದೆ ನೀಡಿದ್ದ ತೀರ್ಪುಗಳು, ಅವುಗಳಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಕಕ್ಷಿಯಾಗಿದ್ದ 2022ರ ತೀರ್ಪೂ ಒಂದು, ಪರಿಗಣನೆಗೆ ಬಂದಿರಲಿಲ್ಲ ಎಂಬುದು ಆ ಕಾರಣ. ಇದು ಕಾನೂನಿನ ಪ್ರಶ್ನೆ. ಆದರೆ ಸುಮಾರು ರೂ. 20,000 ಕೋಟಿ ವೆಚ್ಚದ ಸಾರ್ವಜನಿಕ ಯೋಜನೆಗಳನ್ನು ಕೆಡವಬೇಕಾಗುತ್ತದೆ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಸುರಿದ ಹಣವೇ ಮರುಪರಿಶೀಲನೆಗೆ ಆಧಾರವಾದರೆ, ಮೊದಲು ಕಟ್ಟಿ, ಬೇಗ ಕಟ್ಟಿ, ದೊಡ್ಡದಾಗಿ ಕಟ್ಟಿ ಎಂದು ನಾವೇ ಉಪದೇಶಿಸಿದಂತಾಗುತ್ತದೆ. ‘ಅಕ್ರಮ-ಸಕ್ರಮ’ ಎಂಬ ಮಾತಿನೊಡನೆ ದಶಕಗಳಿಂದ ಬದುಕಿರುವ ಬೆಂಗಳೂರಿಗರಿಗೆ ಇದರ ಫಲವನ್ನು ಬಿಡಿಸಿ ಹೇಳಬೇಕಿಲ್ಲ. ರಾಜಕಾಲುವೆಯ ಮೇಲೆ ಎದ್ದ ಕಟ್ಟಡ ಎಷ್ಟು ದುಬಾರಿಯಾದರೂ ಮಳೆನೀರು ಅದಕ್ಕೆ ರಿಯಾಯಿತಿ ತೋರಿಸದು.

ಮರಡುವಿನ ಕಟ್ಟಡಗಳು ಉಳಿಯಬೇಕಿತ್ತೆಂದು ನಾನು ವಾದಿಸುತ್ತಿಲ್ಲ. ಹಿನ್ನೀರಿನ ದಡಕ್ಕೂ ರಕ್ಷಣೆ ಬೇಕು. ಆದರೆ ತಲೆಯ ಮೇಲಿನ ಸೂರು ಕಳೆದುಕೊಳ್ಳುವವನ ಮಾತನ್ನು ತೆರೆದ ನ್ಯಾಯಾಲಯದಲ್ಲಿ ಒಮ್ಮೆಯಾದರೂ ಕೇಳಬೇಕಿತ್ತು. ಮರುಪರಿಶೀಲನಾ ಅರ್ಜಿಗಳು ಸಾಮಾನ್ಯವಾಗಿ ನ್ಯಾಯಮೂರ್ತಿಗಳ ಕೊಠಡಿಯಲ್ಲೇ, ವಕೀಲರ ವಾದವಿಲ್ಲದೆ ಇತ್ಯರ್ಥವಾಗುತ್ತವೆ. ಮರಣದಂಡನೆಯ ಪ್ರಕರಣಗಳಲ್ಲಿ ಬಹಿರಂಗ ವಿಚಾರಣೆ ಅಗತ್ಯವೆಂದು 2014ರಲ್ಲಿ ನ್ಯಾಯಾಲಯವೇ ಒಪ್ಪಿದೆ. ಮೂಲ ಪ್ರಕರಣದಲ್ಲಿ ಕಕ್ಷಿಯಾಗದೆಯೇ ಮನೆ ಕಳೆದುಕೊಳ್ಳುವವರಿಗೂ ಅಂಥ ಅವಕಾಶವನ್ನು ನಿಯಮವಾಗಿಸುವುದು ಅಸಾಧ್ಯವೇನಲ್ಲ.

ನ್ಯಾಯಾಲಯ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದು ದೊಡ್ಡತನ. ಆದರೆ ಆ ಬಾಗಿಲು ತೆರೆಯುವಾಗ ಹೊರಗೆ ನಿಂತವನ ಬಂಡವಾಳ ಎಷ್ಟೆಂದು ನೋಡಬಾರದು. ತೀರ್ಪಿನಲ್ಲಿ ತಪ್ಪಿದೆಯೇ ಎಂಬುದನ್ನಷ್ಟೇ ನೋಡಬೇಕು.