ನೇರಳೆ ದೀಪ ಯಾಕೆ, ಬಿಳೀ ದೀಪ ಸಾಲದೇ?

ಚಿಕಾಗೋ ಸುತ್ತಮುತ್ತ ಇರುವ ನಮ್ಮೋರ ಮನೆಗಳಿಗೆ ಡಿಸೆಂಬರಿನಲ್ಲಿ ಹೋದರೆ ಈ ನೋಟ ತೀರಾ ಮಾಮೂಲು. ಕಿಟಕಿ ಪಕ್ಕ ಒಂದು ಕರಿಬೇವಿನ ಗಿಡ, ಒಂದು ತುಳಸಿ, ಪುಣ್ಯ ಇದ್ದರೆ ಒಂದು ದೊಡ್ಡಪತ್ರೆ. ಅವುಗಳ ಮೇಲೆ ನೇರಳೆ ಬೆಳಕು ಸುರಿಯುವ ಒಂದು ಗ್ರೋ ಲೈಟು. ಇಡೀ ಕೋಣೆ ಗಣೇಶೋತ್ಸವದ ಆರ್ಕೆಸ್ಟ್ರಾ ಸ್ಟೇಜಿನ ಹಾಗೆ ಕಾಣುತ್ತಿರುತ್ತದೆ :) "ಏನ್ರೀ ಇದು?" ಅಂದರೆ "ಗಿಡಕ್ಕೆ ಕೆಂಪು-ನೀಲಿ ಬೆಳಕೇ ಬೇಕಂತೆ ಕಣ್ರೀ" ಅನ್ನೋ ಉತ್ತರ ಸಿದ್ಧ.

ಮಾರ್ಚ್ ಹೊತ್ತಿಗೆ ತುಳಸಿ ಬರೀ ಕಡ್ಡಿ, ಕರಿಬೇವು ಬೋಳು. ಊರಿಂದ ಅತ್ತೆ ಫೋನಿನಲ್ಲಿ "ತುಳಸಿ ಒಣಗಬಾರದಮ್ಮಾ, ಮನೆಗೆ ಒಳ್ಳೇದಲ್ಲ" ಅಂತಾರೆ. ಪಾಪ, ಸೊಸೆ "ನನ್ನ ಕೈಗುಣವೇ ಸರಿಯಿಲ್ಲ" ಅಂತ ಒಳಗೊಳಗೇ ನೊಂದುಕೊಳ್ಳುತ್ತಾಳೆ. ನನಗೆ ಸಿಟ್ಟು ಬರೋದು ಇಲ್ಲೇ. ಕೈಗುಣವನ್ನು ಯಾಕೆ ಬೈಯಬೇಕು? ಅಲ್ಲಿ ತಪ್ಪಿರೋದು ಬೆಳಕಿನ ಲೆಕ್ಕ.

ಹೋದರೆ ಇನ್ನೊಂದು ತಂದರಾಯ್ತು ಅನ್ನುವ ಹಾಗೂ ಇಲ್ಲ. ನಿಂಬೆ-ಕಿತ್ತಳೆ ತೋಟಗಳನ್ನು ಹಾಳುಮಾಡುವ ಸಿಟ್ರಸ್ ಗ್ರೀನಿಂಗ್ ರೋಗವನ್ನು ಹರಡುವ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಹಾಗಾಗಿ ಊರಿಂದ ಒಂದು ಎಲೆಯನ್ನೂ ಅಮೆರಿಕಕ್ಕೆ ತರುವಂತಿಲ್ಲ. ಇರುವ ಗಿಡವನ್ನೇ ಉಳಿಸಿಕೊಳ್ಳಬೇಕು.

ಈಗ ಆ ನೇರಳೆ ಬಣ್ಣದ ವಿಷಯಕ್ಕೆ ಬರೋಣ. ಪತ್ರಹರಿತ್ತು ಕೆಂಪು ಮತ್ತು ನೀಲಿಯನ್ನು ಹೆಚ್ಚು ಹೀರುತ್ತದೆ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ನಿಜವೇ. ಆದರೆ ಅದು ಎಲೆಯಿಂದ ತೆಗೆದು ಗಾಜಿನ ನಳಿಕೆಯಲ್ಲಿಟ್ಟ ಪತ್ರಹರಿತ್ತಿನ ಕಥೆ. ಇಡೀ ಎಲೆಯ ಕಥೆ ಬೇರೆ. ಮೆಕ್ರೀ ಎಂಬ ವಿಜ್ಞಾನಿ 1970ರ ದಶಕದ ಆರಂಭದಲ್ಲಿ 22 ಬೆಳೆಗಳ ಎಲೆಗಳ ಮೇಲೆ ಒಂದೊಂದೇ ಬಣ್ಣ ಬಿಟ್ಟು ಅಳೆದು ತೋರಿಸಿದರು: ಹಸಿರು ಬೆಳಕೂ ದ್ಯುತಿಸಂಶ್ಲೇಷಣೆಗೆ ಚೆನ್ನಾಗಿಯೇ ಒದಗುತ್ತದೆ. ಎಲೆ ಹಸಿರನ್ನು ಒಂದಿಷ್ಟು ವಾಪಸ್ ಕಳಿಸುತ್ತದೆ, ಅದಕ್ಕೇ ನಮಗೆ ಹಸಿರಾಗಿ ಕಾಣುತ್ತದೆ. ಬಹುಪಾಲನ್ನು ತಾನೇ ಇಟ್ಟುಕೊಳ್ಳುತ್ತದೆ.

ಇನ್ನು ಬಿಳೀ ಎಲ್‌ಇಡಿ ಅಂದರೇನು? ನೀಲಿ ಎಲ್‌ಇಡಿ ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ, ಅಷ್ಟೇ. ಅಂದರೆ ಅದರಲ್ಲಿ ನೀಲಿ, ಹಸಿರು, ಕೆಂಪು ಮೂರೂ ಇವೆ. ಬಾಹ್ಯಾಕಾಶ ನಿಲ್ದಾಣದಲ್ಲಿ 2014ರಿಂದ ಸೊಪ್ಪು ಬೆಳೆಸುತ್ತಿರುವ ನಾಸಾದ ‘ವೆಜಿ’ ಪೆಟ್ಟಿಗೆಯಲ್ಲೂ ಕೆಂಪು-ನೀಲಿಯ ಜೊತೆ ಹಸಿರು ದೀಪ ಇಟ್ಟಿದ್ದಾರೆ.

ನೇರಳೆ ದೀಪದ ಕೆಳಗೆ ಗಿಡ ಬೆಳೆಯೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಬೆಳೆಯುತ್ತದೆ. ನನ್ನ ತಕರಾರು ಬೇರೆ. ಆ ಬೆಳಕಿನಲ್ಲಿ ನಮಗೆ ಗಿಡ ಕಾಣೋದಿಲ್ಲ. ಎಲೆ ಹಳದಿಗೆ ತಿರುಗಿದ್ದು ಗೊತ್ತಾಗಲ್ಲ, ಕಾಂಡಕ್ಕೆ ಅಂಟಿಕೊಂಡ ಶಲ್ಕಕೀಟ ಗೊತ್ತಾಗಲ್ಲ, ಎಲೆಯಡಿಯ ನುಸಿಯಂತೂ ಮೊದಲೇ ಕಾಣಲ್ಲ. ಗಿಡ ಸಾಕೋದು ಅಂದರೆ ದಿನಾ ಅದರ ಮುಖ ನೋಡೋದು. ಮುಖವೇ ಕಾಣದ ಬೆಳಕು ತಗೊಂಡು ಏನು ಮಾಡೋದು?

ಬಿಳೀ ದೀಪಕ್ಕೆ ಇನ್ನೊಂದು ಅನುಕೂಲವಿದೆ. ಮನೆಯಲ್ಲೇ ಅಳೆಯಬಹುದು. ಮೊಬೈಲಿಗೆ ಲಕ್ಸ್ ಮೀಟರ್ ಆಪ್ ಹಾಕಿಕೊಂಡು ಫೋನನ್ನು ಎಲೆಯ ಎತ್ತರದಲ್ಲಿ ಹಿಡಿಯಿರಿ. ಮಧ್ಯಾಹ್ನದ ಸುಡುಬಿಸಿಲು ಸುಮಾರು 1 ಲಕ್ಷ ಲಕ್ಸ್. ನಮ್ಮ ಹಾಲ್‌ನ ಮಾಮೂಲಿ ದೀಪದ ಕೆಳಗೆ ಇನ್ನೂರು-ಮುನ್ನೂರು ಲಕ್ಸ್! ನಮ್ಮ ಕಣ್ಣು ಹೊಂದಿಕೊಳ್ಳುತ್ತದೆ, ಹಾಗಾಗಿ ಕೋಣೆ ಬೆಳಗಿದೆ ಅನ್ನಿಸುತ್ತದೆ. ಗಿಡಕ್ಕೆ ಅದು ಅಮಾವಾಸ್ಯೆ.

ತುಳಸಿ, ಕರಿಬೇವು ಎರಡೂ ಬಿಸಿಲಿನ ಮಕ್ಕಳು. ಎಲೆಯ ಮೇಲೆ 10ರಿಂದ 15 ಸಾವಿರ ಲಕ್ಸ್, ದಿನಕ್ಕೆ 14 ಗಂಟೆ ಸಿಕ್ಕರೆ ಚಳಿಗಾಲ ದಾಟಿಸಬಹುದು. ಪೆಟ್ಟಿಗೆಯ ಮೇಲೆ ಮೈಕ್ರೋಮೋಲ್ ಲೆಕ್ಕ ಕೊಟ್ಟಿದ್ದರೆ, ಬಿಳೀ ಎಲ್‌ಇಡಿಯ ಲಕ್ಸನ್ನು 70ರಿಂದ ಭಾಗಿಸಿ ಹೋಲಿಸಿ ನೋಡಿ. ಹತ್ತಿರ ಹತ್ತಿರ ಸರಿಹೋಗುತ್ತದೆ. ನೇರಳೆ ದೀಪಕ್ಕೆ ಈ ಲೆಕ್ಕ ನಡೆಯೋದಿಲ್ಲ, ಯಾಕಂದರೆ ಲಕ್ಸ್ ಅನ್ನೋದು ಮನುಷ್ಯರ ಕಣ್ಣಿನ ಅಳತೆ.

ಅಂಗಡಿಯಲ್ಲಿ ನೋಡಬೇಕಾದ್ದು ಇಷ್ಟೇ. "1000 ವ್ಯಾಟಿಗೆ ಸಮ" ಅಂತ ದೊಡ್ಡಕ್ಷರದಲ್ಲಿ ಬರೆದಿರುವುದನ್ನು ಮರೆತುಬಿಡಿ. ನಿಜವಾಗಿ ಎಷ್ಟು ವ್ಯಾಟ್ ಎಳೆಯುತ್ತದೆ, ಎಷ್ಟು ದೂರದಲ್ಲಿ ಎಷ್ಟು ಬೆಳಕು ಬೀಳುತ್ತದೆ, ಇವೆರಡನ್ನೂ ಬರೆಯದ ದೀಪವನ್ನು ನಾನಂತೂ ಕೊಳ್ಳೋದಿಲ್ಲ. ಎರಡು ಕುಂಡಕ್ಕೆ 40 ವ್ಯಾಟಿನ ಒಳ್ಳೇ ಬಿಳೀ ಎಲ್‌ಇಡಿ, ಗಿಡದ ತುದಿಯಿಂದ ಒಂದಡಿ ಮೇಲೆ ಇದ್ದರೆ ಸಾಕು. ದೂರ ಹೆಚ್ಚಿಸಬೇಡಿ. ಸಣ್ಣ ಬಲ್ಬನ್ನು ಒಂದಡಿಯಿಂದ ಎರಡಡಿಗೆ ಏರಿಸಿದರೆ ಬೆಳಕು ಅರ್ಧ ಆಗಲ್ಲ, ಕಾಲು ಭಾಗಕ್ಕಿಳಿಯುತ್ತದೆ. ಒಂದು ಟೈಮರ್ ಹಾಕಿ, ರಾತ್ರಿ ಆರಿಸಿ. 40 ವ್ಯಾಟ್, 14 ಗಂಟೆ ಅಂದರೆ ತಿಂಗಳಿಗೆ ಸುಮಾರು 17 ಯೂನಿಟ್ ಕರೆಂಟು. ಅಂಥಾ ಹೊರೆಯೇನಲ್ಲ.

ಒಂದು ಮಾತು ನೆನಪಿರಲಿ. ದೀಪ ಚಳಿಯನ್ನು ಓಡಿಸೋದಿಲ್ಲ. ಕುಂಡವನ್ನು ಕಿಟಕಿಯ ತಣ್ಣನೆ ಗಾಜಿಗೆ ತಾಗಿಸಿಟ್ಟು, ಬೇಸಿಗೆಯಲ್ಲಿ ಹಾಕಿದಷ್ಟೇ ನೀರು ಹಾಕುತ್ತಿದ್ದರೆ ಎಂಥಾ ದೀಪ ತಂದರೂ ಕರಿಬೇವಿನ ಬೇರು ಕೊಳೆಯುತ್ತದೆ.

ಬೆಂಗಳೂರಿನಲ್ಲಿರುವ ಗೆಳೆಯರೇ, ಈ ಪಾಡು ನಿಮಗಿಲ್ಲ. ಡಿಸೆಂಬರಿನ ಅತಿ ಚಿಕ್ಕ ದಿನ ಇಲ್ಲಿ ಒಂಬತ್ತು ಗಂಟೆ, ಅದೂ ಮೋಡ ಮುಚ್ಚಿಕೊಂಡು. ನಿಮ್ಮಲ್ಲಿ ಹನ್ನೊಂದು ಗಂಟೆಗೂ ಹೆಚ್ಚು. ಬಾಲ್ಕನಿಗೆ ನಾಲ್ಕು ಗಂಟೆ ಬಿಸಿಲು ಬೀಳುತ್ತಿದ್ದರೆ ಗ್ರೋ ಲೈಟಿನ ಜಾಹೀರಾತಿಗೆ ಮರುಳಾಗಬೇಡಿ, ಕುಂಡವನ್ನು ಆಚೆ ಇಡಿ. ಎದುರುಗಡೆ ಬಿಲ್ಡಿಂಗ್ ಎದ್ದು ಬಿಸಿಲೇ ಇಲ್ಲದ ಫ್ಲ್ಯಾಟಾದರೆ ಮನಿ ಪ್ಲಾಂಟ್ ಬೆಳೆಸಿ, ಅದು ಕಡಿಮೆ ಬೆಳಕಿನಲ್ಲೂ ಬದುಕುತ್ತದೆ. ಅಲ್ಲೂ ತುಳಸಿಯೇ ಬೇಕು ಅನ್ನೋ ಹಟ ಇದ್ದರೆ ಮಾತ್ರ ದೀಪ ತನ್ನಿ. ಬಿಳೀದೇ ತನ್ನಿ.