ಮಣ್ಣಿನ ಸಾಲವನ್ನು ತೀರಿಸುವವರು ಯಾರು?

2025ರ ನವೆಂಬರ್ ತಿಂಗಳ ಮೊದಲ ವಾರ. ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಸಾವಿರಾರು ಕಬ್ಬು ಬೆಳೆಗಾರರು ಹಗಲಿರುಳು ಕುಳಿತಿದ್ದರು. ಟನ್ ಕಬ್ಬಿಗೆ 3500 ರೂಪಾಯಿ ಬೇಕೆಂಬುದು ಅವರ ಬೇಡಿಕೆ. ಹೋರಾಟ ಸುತ್ತಲಿನ ತಾಲ್ಲೂಕುಗಳಿಗೂ ಹಬ್ಬಿತು. ಹೆದ್ದಾರಿಯ ಸಂಚಾರ ನಿಂತಿತು. ಕೊನೆಗೆ ಸರ್ಕಾರ ಮಧ್ಯೆ ಪ್ರವೇಶಿಸಿ, 3300 ರೂಪಾಯಿಗೆ ಮಾತು ನಿಂತಿತು. ಬೆವರು ಸುರಿಸಿದವನು ತನ್ನ ಬೆಲೆಯನ್ನು ಕೇಳುವುದು ನ್ಯಾಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಚೌಕಾಸಿಯಲ್ಲಿ ಇದ್ದವರು ಮೂವರೇ: ರೈತ, ಕಾರ್ಖಾನೆ, ಸರ್ಕಾರ. ನಾಲ್ಕನೆಯ ಪಾಲುದಾರನಾದ ಮಣ್ಣಿಗೆ ಅಲ್ಲಿ ಆಸನವಿರಲಿಲ್ಲ.

ಇದೇ ಸೀಮೆಯ ನಿಡಸೋಸಿಯನ್ನು ನೋಡಿ. ಹುಕ್ಕೇರಿ ತಾಲ್ಲೂಕಿನಲ್ಲಿ, ಸಂಕೇಶ್ವರದ ಮಗ್ಗುಲಲ್ಲಿರುವ ಈ ಊರು ದುರದುಂಡೀಶ್ವರ ಮಠದಿಂದ ನಾಡಿಗೆ ಪರಿಚಿತ. ಇಲ್ಲಿ 1996ರಲ್ಲಿ ಆರಂಭವಾದ ತಾಂತ್ರಿಕ ಮಹಾವಿದ್ಯಾಲಯದ ಹೆಸರೇ 'ಹಿರಾಶುಗರ್'. ಊರಿನ ವಿದ್ಯೆಯ ಹೆಸರಿನಲ್ಲೂ ಸಕ್ಕರೆ ಕರಗಿದೆ! ಮಳೆಯನ್ನು ನಂಬಿ ಬಾಳಿದ ಈ ಭಾಗಕ್ಕೆ ಕಬ್ಬು ಗಟ್ಟಿ ಮನೆಗಳನ್ನು ಕೊಟ್ಟಿದೆ, ಮಕ್ಕಳಿಗೆ ಓದು ಕೊಟ್ಟಿದೆ. ಅದನ್ನು ಮರೆತು ಕಬ್ಬನ್ನು ಜರೆಯುವುದು ಕೃತಘ್ನತೆಯಾದೀತು. ಆದರೆ ಸಿಹಿಯ ಋಣ ಎಷ್ಟೇ ದೊಡ್ಡದಿರಲಿ, ಅದನ್ನು ಉಂಡವರು ನಾವು, ತೀರಿಸುತ್ತಿರುವುದು ಮಣ್ಣು ಎಂಬ ಸತ್ಯವನ್ನು ಮುಚ್ಚಿಡಲಾಗದು.

ಧೂಪದಾಳದ ಒಡ್ಡು 1897ರದು. ಹಿಡಕಲ್ ಜಲಾಶಯ ಪೂರ್ಣಗೊಂಡದ್ದು 1977ರ ಸುಮಾರಿಗೆ. ಘಟಪ್ರಭೆಯ ನೀರು ಕಾಲುವೆಗಳಲ್ಲಿ ಹರಿದು ಯರಿ ಹೊಲಗಳನ್ನು ಹಸಿರಾಗಿಸಿತು. ಯರಿ ಮಣ್ಣಿನ ಗುಣವೇ ನೀರನ್ನು ಹಿಡಿದಿಟ್ಟುಕೊಳ್ಳುವುದು. ಜೋಳಕ್ಕೆ, ಕಡಲೆಗೆ, ಕುಸುಬೆಗೆ ಅದು ವರವಾಗಿತ್ತು. ಹಿಂಗಾರಿನ ತೇವದಲ್ಲೇ ಬೆಳೆ ಕೈಗೆ ಬರುತ್ತಿತ್ತು. ಅದೇ ಮಣ್ಣಿಗೆ ವರ್ಷವಿಡೀ ನೀರು ಬೇಡುವ ಕಬ್ಬನ್ನು ಹಾಕಿ, ಬಸಿಗಾಲುವೆಯಿಲ್ಲದೆ ನೀರು ಹಾಯಿಸಿದರೆ ಆಗುವುದೇನು? ನೆಲದಡಿಯ ನೀರು ಮೇಲೇರುತ್ತದೆ. ಜೊತೆಗೆ ಆಳದ ಲವಣಗಳೂ ಏರುತ್ತವೆ. ಬಿಸಿಲಿಗೆ ನೀರು ಆರಿಹೋಗುತ್ತದೆ, ಉಪ್ಪು ಮಾತ್ರ ಬಿಳಿಯ ಪೊರೆಯಾಗಿ ಉಳಿಯುತ್ತದೆ. ನಮ್ಮ ಹಿರಿಯರು ಅದಕ್ಕೆ ಹೆಸರಿಟ್ಟಿದ್ದಾರೆ: ಉಪ್ಪೇರಿದರೆ ಸವಳು, ನೀರು ನಿಂತರೆ ಜವಳು. ಕಾಲುವೆಯ ಕೆಳಭಾಗದ ರೈತರಿಗೆ ಈ ಎರಡು ಪದಗಳ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಇದಕ್ಕೆ ರೈತನ ದುರಾಸೆಯೇ ಕಾರಣವೆಂದು ನಗರದ ವಿದ್ಯಾವಂತರು ಸುಲಭವಾಗಿ ತೀರ್ಪು ಕೊಡುತ್ತಾರೆ. ನಾನು ಆ ತೀರ್ಪನ್ನು ಒಪ್ಪುವುದಿಲ್ಲ. ರೈತ ನಡೆಯುತ್ತಿರುವುದು ನಾವೆಲ್ಲ ಸೇರಿ ಹಾಕಿಕೊಟ್ಟ ದಾರಿಯಲ್ಲಿ. ಆ ದಾರಿ ಎಂಥದೆಂದು ನೋಡೋಣ.

ಮೊದಲನೆಯದು, ತೂಕದ ಲೆಕ್ಕ. ಕೇಂದ್ರ ಸರ್ಕಾರ ಗೊತ್ತುಮಾಡುವ ಕಬ್ಬಿನ ದರ ಸಕ್ಕರೆಯ ಇಳುವರಿಯನ್ನು ಆಧರಿಸಿದೆ ನಿಜ. ಆದರೆ ಆ ಇಳುವರಿ ಇಡೀ ಕಾರ್ಖಾನೆಯ ಸರಾಸರಿ. ಒಬ್ಬೊಬ್ಬ ರೈತನ ಕೈಗೆ ಸಿಗುವ ಹಣವನ್ನು ನಿರ್ಧರಿಸುವುದು ಕಾಟಾದ ಮೇಲಿನ ತೂಕವೇ. ತಡವಾಗಿ ಸುರಿದ ಹೆಚ್ಚುವರಿ ಸಾರಜನಕ ಕಬ್ಬನ್ನು ದಷ್ಟಪುಷ್ಟವಾಗಿಸುತ್ತದೆ, ರಸದ ಸಿಹಿಯನ್ನು ಮಾತ್ರ ತಗ್ಗಿಸುತ್ತದೆ. ಆದರೂ ತೂಕಕ್ಕೆ ಹಣ ಕೊಡುವ ಲೋಕದಲ್ಲಿ ಸಿಹಿಯ ಬಗ್ಗೆ, ಮಣ್ಣಿನ ಬಗ್ಗೆ ಚಿಂತಿಸಿದವನಿಗೆ ಏನು ಲಾಭ?

ಎರಡನೆಯದು, ಗೊಬ್ಬರದ ಬೆಲೆ. 45 ಕಿಲೋ ಯೂರಿಯಾ ಚೀಲದ ಬೆಲೆ 266 ರೂಪಾಯಿ 50 ಪೈಸೆ. ಅಂದರೆ ಕಿಲೋಗೆ ಆರು ರೂಪಾಯಿಗಿಂತ ಕಡಿಮೆ. ಅಂಗಡಿಯ ಉಪ್ಪಿಗಿಂತಲೂ ಅಗ್ಗ! 1992ರಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ದರನಿಯಂತ್ರಣವನ್ನು ಸಡಿಲಿಸಿದಾಗ ಅವು ತುಟ್ಟಿಯಾದವು, ಯೂರಿಯಾ ಅಗ್ಗವಾಗಿಯೇ ಉಳಿಯಿತು. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಬಂದಾಗಲೂ ಯೂರಿಯಾವನ್ನು ಹೊರಗಿಡಲಾಯಿತು. ಇನ್ನು ತಿಪ್ಪೆಗೊಬ್ಬರಕ್ಕೆ ಎತ್ತು ಬೇಕು, ಎಮ್ಮೆ ಬೇಕು, ಮೇವು ಬೇಕು, ಹೊರಲು ಆಳು ಬೇಕು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದ ಹಟ್ಟಿಯಲ್ಲಿ ತಿಪ್ಪೆ ಎಲ್ಲಿಂದ ಬರಬೇಕು?

ಮೂರನೆಯದು, ಬೆಂಕಿ. ಒಂದು ಎಕರೆ ಕಬ್ಬು ಕಟಾವಾದ ಮೇಲೆ ಮೂರು-ನಾಲ್ಕು ಟನ್ ರವದಿ ನೆಲದ ಮೇಲೆ ಉಳಿಯುತ್ತದೆ. ಅದು ಮಣ್ಣಿಗೆ ಮರಳಬೇಕಾದ ಅನ್ನ. ಆದರೆ ಕುಳೆ ಬೆಳೆಗೆ ಬೇಗ ನೀರು ಹಾಯಿಸುವ ಅವಸರದಲ್ಲಿ ಒಂದು ಕಡ್ಡಿ ಗೀರಿದರೆ ಸಂಜೆಯೊಳಗೆ ಎಲ್ಲವೂ ಬೂದಿ. ಬೆಳಗ್ಗೆ ಅದೇ ರೈತ ಅಂಗಡಿಗೆ ಹೋಗಿ, ಹೊಗೆಯಾಗಿ ಹೋದ ಸಾರಜನಕವನ್ನು ಚೀಲದಲ್ಲಿ ಕೊಂಡು ತರುತ್ತಾನೆ.

ಇವುಗಳ ಫಲ ಹೊಲದಲ್ಲಿ ಮಾತ್ರವಲ್ಲ, ತಾಟಿನಲ್ಲಿಯೂ ಇದೆ. 2009ರಲ್ಲಿ ರಾಜ್ಯ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯ ನೆರವಿನಿಂದ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಕರ್ನಾಟಕದ ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್‌ಗಳ ವ್ಯಾಪಕ ಕೊರತೆ ಕಂಡುಬಂತು. ಮಣ್ಣಿನಲ್ಲಿ ಸತುವಿಲ್ಲದಿದ್ದರೆ ಕಾಳಿನಲ್ಲಿಯೂ ಅದು ಸೊರಗುತ್ತದೆ. ಆ ಕಾಳನ್ನು ಉಂಡ ಮಗುವೂ ಸೊರಗುತ್ತದೆ. ಹೊಟ್ಟೆ ತುಂಬಿದೆ, ಮೈ ಹಸಿದಿದೆ. ಜೋಳದ ರೊಟ್ಟಿ, ಅಗಸೆ ಹಿಂಡಿ, ಮಡಕೆಕಾಳಿನ ಪಲ್ಯಗಳಿಂದ ಗಟ್ಟಿಯಾದ ಸೀಮೆಯಲ್ಲಿ ಇಂದು ಅನೇಕ ಕಬ್ಬಿನ ರೈತರೇ ಜೋಳವನ್ನು ಪೇಟೆಯಿಂದ ಕೊಳ್ಳುತ್ತಾರೆ. ಕೊಳ್ಳುವ ನಾವಾದರೂ ಬಲ್ಲವರೇ? ಬೆಲ್ಲ ಹೊಂಬಣ್ಣದ್ದೇ ಆಗಬೇಕು ನಮಗೆ. ಆ ಬಣ್ಣಕ್ಕಾಗಿ ಗಾಣದಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತದೆ. ಕಂದುಬಣ್ಣದ ಶುದ್ಧ ಬೆಲ್ಲವನ್ನು 'ಮಾಲು ಚೆನ್ನಾಗಿಲ್ಲ' ಎಂದು ಬದಿಗೆ ಸರಿಸುವ ಕೈ ನಮ್ಮದೇ ಅಲ್ಲವೇ?

'ರಾಸಾಯನಿಕ ಗೊಬ್ಬರವಿಲ್ಲದಿದ್ದರೆ ದೇಶ ಉಪವಾಸ ಬೀಳುತ್ತದೆ' ಎಂದು ಕೆಲವರು ಹೇಳುತ್ತಾರೆ. ಆ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. 2021ರಲ್ಲಿ ಶ್ರೀಲಂಕಾ ರಾತ್ರೋರಾತ್ರಿ ರಾಸಾಯನಿಕ ಗೊಬ್ಬರವನ್ನು ನಿಷೇಧಿಸಿ, ಬೆಳೆ ಕುಸಿದು, ಕೆಲವೇ ತಿಂಗಳುಗಳಲ್ಲಿ ಹಿಂದೆ ಸರಿಯಬೇಕಾಯಿತು. ರೋಗಿಯ ಊರುಗೋಲನ್ನು ಒಮ್ಮೆಲೇ ಕಿತ್ತುಕೊಳ್ಳುವುದು ಚಿಕಿತ್ಸೆಯಲ್ಲ. ಆದರೆ ಊರುಗೋಲನ್ನೇ ಕಾಲೆಂದು ನಂಬಿಸುವುದೂ ಚಿಕಿತ್ಸೆಯಲ್ಲ. ಇದೇ ಬೆಳಗಾವಿ ಜಿಲ್ಲೆಯ ಬೇಡಕಿಹಾಳದ ಸುರೇಶ ದೇಸಾಯಿಯವರು ರವದಿಯನ್ನು ಸುಡದೆ ಸಾಲುಗಳ ನಡುವೆ ಹೊದಿಸಿ, ಕಡಿಮೆ ನೀರಿನಲ್ಲಿ ಸಾವಯವ ಕಬ್ಬು ಬೆಳೆದು ತೋರಿಸಿದ್ದಾರೆ. ದಾರಿ ಇಲ್ಲವೆನ್ನುವಂತಿಲ್ಲ, ಆ ದಾರಿಯಲ್ಲಿ ನಡೆಯುವವನಿಗೆ ಮೊದಲ ಮೂರು ವರ್ಷ ಆಸರೆಯಾಗುವವರಿಲ್ಲ.

2015ರಿಂದ ರೈತರಿಗೆ ಮಣ್ಣಿನ ಆರೋಗ್ಯ ಕಾರ್ಡ್ ಕೊಡಲಾಗುತ್ತಿದೆ. ಹನ್ನೆರಡು ಅಂಶಗಳ ಪಟ್ಟಿ ಅದರಲ್ಲಿದೆ. ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡವೆಂದು ಅದು ಹೇಳುತ್ತದೆ. ರೋಗವನ್ನು ಹೇಳಿ ಔಷಧಕ್ಕೆ ಹಣ ಕೊಡದ ವೈದ್ಯನನ್ನು ಬಡವ ಏನೆಂದು ಕರೆಯಬೇಕು? ಯೂರಿಯಾ ಚೀಲಕ್ಕೆ ಸುರಿಯುವ ಸಹಾಯಧನದ ಒಂದು ಪಾಲು ರವದಿ ಹೊದಿಸುವವನಿಗೆ, ತಿಪ್ಪೆ ಕಟ್ಟುವವನಿಗೆ, ಸರದಿಯಲ್ಲಿ ದ್ವಿದಳ ಬಿತ್ತುವವನಿಗೆ ಎಕರೆಯ ಲೆಕ್ಕದಲ್ಲಿ ಸಿಗಲಿ. ಕಾರ್ಖಾನೆಗಳು ರೈತನ ಕಬ್ಬಿನ ಸಿಹಿಯನ್ನು ಅವನ ಹೆಸರಿನಲ್ಲೇ ಅಳೆದು ಬೆಲೆ ಕೊಡಲಿ. ಕಾಲುವೆ ತೋಡಿದ ಸರ್ಕಾರ ಬಸಿಗಾಲುವೆಯನ್ನೂ ತೋಡಲಿ. ಮುಂದಿನ ಹೋರಾಟದಲ್ಲಿ ರೈತ ಸಂಘಟನೆಗಳು ಟನ್ನಿನ ದರದ ಜೊತೆಗೆ ಇವನ್ನೂ ಕೇಳಲಿ.

ಉಣ್ಣುವವರ ಪಾಲೂ ಇದೆ. ವಾರಕ್ಕೆ ನಾಲ್ಕು ದಿನ ಜೋಳವನ್ನೋ ನವಣೆಯನ್ನೋ ಉಣ್ಣುವ ಮನೆ ಒಂದು ಹೊಲವನ್ನು ಉಳಿಸಬಲ್ಲದು. ಬಣ್ಣ ನೋಡದೆ ಬೆಲ್ಲ ಕೊಳ್ಳುವ ಗೃಹಿಣಿ ಒಂದು ಗಾಣವನ್ನು ತಿದ್ದಬಲ್ಲಳು.

ಏಳನೆಯ ವರ್ಷ ಹೊಲಕ್ಕೆ ವಿಶ್ರಾಂತಿ ಕೊಡಬೇಕೆಂದು ಯಾಜಕಕಾಂಡ ವಿಧಿಸುತ್ತದೆ. ಎಳ್ಳ ಅಮಾವಾಸ್ಯೆಯಂದು ನಮ್ಮ ರೈತ ತಾನು ಉಣ್ಣುವ ಮೊದಲು ಹೊಲಕ್ಕೆ ಚರಗ ಚೆಲ್ಲುತ್ತಾನೆ. ಎರಡೂ ಕಡೆ ತಿಳಿವಳಿಕೆ ಒಂದೇ: ಕೊಟ್ಟವಳಿಗೆ ಮೊದಲ ತುತ್ತು. ವರ್ಷಕ್ಕೊಮ್ಮೆ ಚರಗ ಚೆಲ್ಲಿ, ಉಳಿದ ದಿನಗಳಲ್ಲಿ ಆಕೆಯ ತುತ್ತಿಗೆ ಬೆಂಕಿ ಇಟ್ಟರೆ ಅದೆಂಥ ಪೂಜೆ? ನಾವು ತೀರಿಸದ ಸಾಲ ನಮ್ಮ ಮೊಮ್ಮಕ್ಕಳ ಹೆಸರಿಗೆ ವರ್ಗವಾಗುತ್ತದೆ. ಆ ಸಾಲಕ್ಕೆ ಮನ್ನಾ ಎಂಬುದಿಲ್ಲ.